ಎಣ್ಣೆ ಕುಡಿದ ಬುಷ್: ಹಳೆಯ ದಾಸ್ತಾನನ್ನು ಬಳಸುವ ಕ್ರಮ

ಬೆಳೆಗಾರ ಬಂಧುಗಳಲ್ಲಿ ಕೆಲವರ ಶೆಡ್ಡಿನಲ್ಲಿ ಇಂದಿಗೂ ಅಂಬಾಸಡರ್ ಕಾರು ಓಡುವ ಸ್ಥಿತಿಯಲ್ಲಿದೆ. ಇದರ ತಯಾರಿಕೆ 2014ರಲ್ಲಿಯೇ ನಿಂತಿತು. ಡೈನಮೋ ಇರುವ ಹಳೆಯ ಗಾಡಿಗಳಿಗಂತೂ ಅಂಗಡಿಯ ಮೂಲೆಯಲ್ಲಿ ಉಳಿದ ಹಳೆಯ ದಾಸ್ತಾನೇ ಗತಿ. ಡೈನಮೋದ ಹಿಂಬದಿಯ ಸಣ್ಣ ಬುಷ್ ಸವೆದರೆ ಆರ್ಮೇಚರ್ ಓಲಾಡಿ ಪೋಲ್ ಶೂಗಳಿಗೆ ಉಜ್ಜುತ್ತದೆ. ಅಲ್ಪ ಬೆಲೆಯ ಬುಷ್ಷಿನಿಂದ ಇಡೀ ಡೈನಮೋ ಹಾಳಾಗುತ್ತದೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಈ ಬುಷ್ ಎರಕದ ಕಂಚಲ್ಲ. ಸುಮಾರು 90 ಪಾಲು ತಾಮ್ರ, 10 ಪಾಲು ತವರದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದಂತೆ ಕಾಯಿಸಿ ಬೆಸೆದದ್ದು. ಇದರ ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಸೂಕ್ಷ್ಮ ರಂಧ್ರಗಳೇ. ಅವುಗಳಲ್ಲಿ ಎಣ್ಣೆ ತುಂಬಿರುತ್ತದೆ. ಶಾಫ್ಟ್ ತಿರುಗಿ ಬಿಸಿಯೇರಿದಾಗ ಎಣ್ಣೆ ಹೊರಬರುತ್ತದೆ. ತಣಿದಾಗ, ದೀಪದ ಬತ್ತಿ ಹೀರುವಂತೆ, ರಂಧ್ರಗಳು ಅದನ್ನು ಮರಳಿ ಹೀರಿಕೊಳ್ಳುತ್ತವೆ. ಅಮೆರಿಕದ ಕ್ರೈಸ್ಲರ್ ಕಂಪೆನಿ 1930ರ ಸುಮಾರಿಗೆ ‘ಆಯಿಲೈಟ್’ ಎಂಬ ಹೆಸರಿನಲ್ಲಿ ಇಂಥ ಬುಷ್‌ಗಳನ್ನು ಬಳಕೆಗೆ ತಂದಿತು.

ದಶಕಗಳ ಕಾಲ ಕಾಗದದ ಪೊಟ್ಟಣದಲ್ಲಿದ್ದ ಬುಷ್ಷಿನ ಎಣ್ಣೆಯನ್ನು ಕಾಗದವೇ ಕುಡಿದಿರುತ್ತದೆ; ಉಳಿದದ್ದು ಅಂಟಾಗಿರಬಹುದು. ಹೊಸದೆಂದು ನಂಬಿ ಹಾಗೆಯೇ ಕೂರಿಸಬಾರದು. ಕ್ರಮ ಹೀಗಿದೆ:

1. ಅಂಟಿದ್ದರೆ ಬೆಂಕಿಯಿಂದ ದೂರದಲ್ಲಿ ಪೆಟ್ರೋಲಿನಲ್ಲಿ ನೆನೆಸಿ ತೊಳೆದು, ಪೂರ್ತಿ ಆರಲು ಬಿಡಿ.

2. ಎಸ್.ಎ.ಇ. 30 ಎಂಜಿನ್ ಆಯಿಲಿನಲ್ಲಿ 24 ಗಂಟೆ ಮುಳುಗಿಸಿಡಿ. ಅವಸರವಿದ್ದರೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಎಣ್ಣೆಯಲ್ಲಿ 2 ಗಂಟೆ ಇಟ್ಟು, ಅದರಲ್ಲಿಯೇ ತಣಿಯಲು ಬಿಡಿ. ಎಣ್ಣೆಯ ಡಬ್ಬವನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟರೆ ಶಾಖ ಮಿತಿ ಮೀರುವುದಿಲ್ಲ. ಎಣ್ಣೆಗೆ ನೀರು ಬೀಳದಂತೆ ನೋಡಿಕೊಳ್ಳಿ.

3. ಹೊರಮೈ ಒರೆಸಿ, ತೂತಿಗೆ ಎಣ್ಣೆ ತುಂಬಿ, ಎರಡು ತುದಿಗಳನ್ನೂ ಬೆರಳುಗಳಿಂದ ಮುಚ್ಚಿ ಒತ್ತಿ. ಹೊರಮೈಯಲ್ಲಿ ಎಣ್ಣೆ ಬೆವರಿನಂತೆ ಮೂಡಿದರೆ ರಂಧ್ರಗಳು ತೆರೆದಿವೆ ಎಂದರ್ಥ.

4. ಸುತ್ತಿಗೆಯಿಂದ ನೇರ ಬಡಿಯಬೇಡಿ. ಶಾಫ್ಟಿನ ಅಳತೆಗೆ ಕಡೆದು ನುಣುಪು ಮಾಡಿದ, ಹೆಗಲುಳ್ಳ ಉಕ್ಕಿನ ಸರಳಿಗೆ ಬುಷ್ ಏರಿಸಿ, ನೇರವಾಗಿ ಒತ್ತಿ ಕೂರಿಸಿ. ಒತ್ತುವಾಗ ಬುಷ್ ಕುಗ್ಗುತ್ತದೆ. ಸರಳು ಒಳ ಅಳತೆಯನ್ನು ಕಾಯುತ್ತದೆ.

5. ಬಿಗಿಯೆನಿಸಿದರೂ ರೀಮರ್ ಆಗಲಿ, ಎಮೆರಿ ಕಾಗದವಾಗಲಿ ಹಾಕಿಸಬೇಡಿ. ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ.

ಮುಂದಿನ ಆರೈಕೆ ಸುಲಭ. ಸರ್ವಿಸ್ ಸಮಯದಲ್ಲಿ ಡೈನಮೋದ ಹಿಂಬದಿಯ ಎಣ್ಣೆತೂತಿಗೆ ಎರಡು ಮೂರು ಹನಿ ಸಾಕು. ಹೆಚ್ಚಾದರೆ ಕಮ್ಯುಟೇಟರಿಗೆ ಹರಿಯುತ್ತದೆ. ಗ್ರೀಸ್ ಬೇಡ, ಅದು ರಂಧ್ರಗಳನ್ನು ಕಟ್ಟುತ್ತದೆ. ಡೈನಮೋ ಬಿಚ್ಚಿದಾಗ ಬುಷ್ಷನ್ನು ಪೆಟ್ರೋಲಿನಲ್ಲಿ ತೊಳೆದರೆ ಮತ್ತೆ ಎಣ್ಣೆ ಕುಡಿಸಲೇಬೇಕು.

ಹಳೆಯ ಅಂಗಡಿಗಳಲ್ಲಿ ಇಂಥ ಬುಷ್ ಸಿಕ್ಕರೆ ಒಂದೆರಡು ಹೆಚ್ಚಾಗಿಯೇ ಕೊಂಡು, ಕಾಗದ ಬಿಡಿಸಿ, ಎಣ್ಣೆ ತುಂಬಿದ ಬಿಗಿಮುಚ್ಚಳದ ಸೀಸೆಯಲ್ಲಿಡಿ. ಮಳೆಗಾಲದ ನಡುವೆ ಬೇಕಾದಾಗ ಸಿದ್ಧವಾಗಿರುತ್ತದೆ.