ಬರಗಾಲದ ಮನೆವಾರ್ತೆ

ಮಂಡ್ಯ ಜಿಲ್ಲೆ ಎಂದೊಡನೆ ಹಸುರು ಗದ್ದೆ, ಕಬ್ಬಿನ ತೋಟ, ತುಂಬಿ ಹರಿಯುವ ನಾಲೆಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಈ ಚಿತ್ರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳಿಗೆ ಕಾವೇರಿಯ ನಾಲೆಗಳ ಆಸರೆಯುಂಟು. ಕೃಷ್ಣರಾಜಪೇಟೆಯ ಒಂದು ಭಾಗಕ್ಕೆ ಹೇಮಾವತಿಯ ನೀರು ಬರುತ್ತದೆ. ನಾಗಮಂಗಲದ ರೈತರಾದರೋ ಹೆಚ್ಚಾಗಿ ಮಳೆಯನ್ನೇ ನಂಬಿ ರಾಗಿ, ಹುರುಳಿಗಳನ್ನು ಬೆಳೆಯುವವರು. ಮಳೆ ಕೈಕೊಟ್ಟರೆ ಮೊದಲು ಒಣಭೂಮಿ ಬಾಡುತ್ತದೆ. ಜಲಾಶಯ ತುಂಬದಿದ್ದರೆ ನಾಲೆಯ ಬಯಲೂ ಬಾಡುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವು ಘೋಷಿಸಿತು. 124.80 ಅಡಿ ಪೂರ್ಣಮಟ್ಟದ ಕೃಷ್ಣರಾಜಸಾಗರ ಆ ವರ್ಷ ತುಂಬಲಿಲ್ಲ.

ಬೆಳೆ ಒಣಗಿದರೆ ಆ ನಷ್ಟವನ್ನು ಎಕರೆಗಳಲ್ಲಿ ಅಳೆಯುತ್ತಾರೆ. ಅಳತೆಗೆ ಸಿಗದ ನಷ್ಟವೊಂದುಂಟು. ಭತ್ತದ ನಾಟಿ, ಕಳೆ ಕೀಳುವ ಕೆಲಸ ಬಹುಪಾಲು ಹೆಂಗಸರದು. ಗದ್ದೆಗೆ ನೀರಿಲ್ಲವಾದರೆ ಅವರ ಕೂಲಿಯೂ ಇಲ್ಲ. ಮೇವು ತುಟ್ಟಿಯಾಗಿ ಹಸುವಿನ ಹಾಲು ಕುಗ್ಗುತ್ತದೆ. ಡೇರಿಯಿಂದ ಬರುವ ಹಣವೂ ಇಳಿಯುತ್ತದೆ. ಆದರೂ ಒಲೆ ಹೊತ್ತಿಸುವ ಹೊಣೆ ಮಾತ್ರ ಅವಳದೇ.

ಆಗ ಆಕೆ ಏನು ಮಾಡುತ್ತಾಳೆ? ಮೊದಲು ತನ್ನ ಊಟವನ್ನು ಕಡಿಮೆ ಮಾಡುತ್ತಾಳೆ, ಕೋಳಿ, ಕುರಿಗಳನ್ನು ಮಾರುತ್ತಾಳೆ, ಓಲೆಯನ್ನು ಅಡವಿಡುತ್ತಾಳೆ. ಇವು ಕಷ್ಟದ ಹೆಜ್ಜೆಗಳಾದರೂ ಮಳೆ ಬಂದ ಮೇಲೆ ಹಿಂದಿರುಗಬಹುದಾದವು. ಬರ ಎರಡನೆಯ ವರ್ಷಕ್ಕೆ ಕಾಲಿಟ್ಟರೆ ಹಿಂದಿರುಗಲಾಗದ ಹೆಜ್ಜೆಗಳು ಆರಂಭವಾಗುತ್ತವೆ. ಹಾಲು ಕೊಡುವ ಹಸುವನ್ನೇ ಮಾರುವುದು, ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡುವುದು, ಮುಂಗಡ ಪಡೆದು ಗುರುತಿಲ್ಲದವರ ಕೈಕೆಳಗೆ ದುಡಿಯಲು ದೂರದ ಊರಿಗೆ ಹೋಗುವುದು, ಮಗಳನ್ನು ಶಾಲೆ ಬಿಡಿಸಿ ಬೇಗನೆ ಮದುವೆ ಮಾಡುವುದು—ಇವೆಲ್ಲ ಇಂದಿನ ಹಸಿವಿಗೆ ನಾಳೆಯ ಬದುಕನ್ನು ಒತ್ತೆಯಿಡುವ ಉಪಾಯಗಳು. ಪರಾಧೀನಳಾಗಿ ದುಡಿಯುವವಳ ಮಾನಕ್ಕೂ ಅಪಾಯವುಂಟು.

ಇದು ಅವಿವೇಕವೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬೆಳೆಸಾಲವೂ ಬೆಳೆನಷ್ಟದ ಪರಿಹಾರವೂ ಸಾಮಾನ್ಯವಾಗಿ ಪಹಣಿಯನ್ನು ಅನುಸರಿಸುತ್ತವೆ. ಪಹಣಿಯಲ್ಲಿ ಹೆಚ್ಚಾಗಿ ಇರುವುದು ಗಂಡಸಿನ ಹೆಸರು. ಆದುದರಿಂದ ಮನೆಬಾಗಿಲಿಗೆ ಬರುವ ಗುಂಪುಸಾಲವೇ ಆಕೆಗೆ ದಾರಿಯಾಗುತ್ತದೆ. ಒಬ್ಬಳು ಕಂತು ಕಟ್ಟಲಾಗದಿದ್ದರೆ ಉಳಿದವರು ಕಟ್ಟಬೇಕೆಂಬುದು ಅದರ ನಿಯಮ. ಒಬ್ಬರ ಮನೆಯಲ್ಲಿ ಕಾಯಿಲೆಯಾದಾಗ ಈ ಏರ್ಪಾಡು ಆಸರೆ. ಆದರೆ ಬರ ಎಲ್ಲರ ಮನೆಗೂ ಒಟ್ಟಿಗೇ ಬರುತ್ತದೆ. ಆಗ ಕೈಹಿಡಿಯಬೇಕಾದ ನೆರೆಯವಳೇ ಕಂತು ಕೇಳುವವಳಾಗುತ್ತಾಳೆ. ಬರಗಾಲದಲ್ಲಿ ಅಧಿಕಮಾಸವೆಂದರೆ ಇದೇ. ಇಂಥ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರಲ್ಲಿ ಕಾನೂನನ್ನು ತಂದಿತು.

ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ 1876-78ರ ಕ್ಷಾಮದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಇಂದು ಪಡಿತರ ಅಕ್ಕಿ ಅಂಥ ಸಾವನ್ನು ತಡೆದಿದೆ. ಆದರೆ ಹೊಟ್ಟೆಗೆ ಅನ್ನ ಸಿಕ್ಕಿದ ಮಾತ್ರಕ್ಕೆ ಬರ ಗೆದ್ದಂತಾಗಲಿಲ್ಲ. ಜಮೀನಿನಲ್ಲಿ ಹೆಣ್ಣಿನ ಹೆಸರು, ಬರದ ವರ್ಷ ಕಂತಿಗೆ ಕಾಲಾವಕಾಶ, ಊರಿನಲ್ಲಿಯೇ ಕೂಲಿ, ದನಗಳಿಗೆ ಮೇವು—ಇವು ಸಕಾಲಕ್ಕೆ ದೊರೆತರೆ ಆಕೆ ಮೊದಲನೆಯ ಹೆಜ್ಜೆಗಳಲ್ಲಿಯೇ ನಿಲ್ಲಬಲ್ಲಳು.

ಬರದ ಸುದ್ದಿಯನ್ನು ಓದುವಾಗ ಎಷ್ಟು ಎಕರೆ ಬೆಳೆ ಒಣಗಿತೆಂದು ಕೇಳುವುದು ಸಹಜ. ಅದರೊಡನೆ ನಿಮ್ಮ ತರಗತಿಯಲ್ಲಿ ಯಾವ ಹುಡುಗಿಯ ಸ್ಥಳ ಬರಿದಾಯಿತೆಂಬುದನ್ನೂ ಗಮನಿಸಿರಿ. ಬರದ ನಿಜವಾದ ಲೆಕ್ಕ ಅಲ್ಲಿಂದ ಆರಂಭವಾಗುತ್ತದೆ.