ಎರಿಯೋವಿಕ್ಸಿಯಾ ಗ್ರಿಫಿಂಡೋರಿ

ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂಬುದು ಅರನೀಡೆ ಕುಟುಂಬಕ್ಕೆ ಸೇರಿದ ಒಂದು ಜೇಡ ಪ್ರಭೇದ. ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಕಾನು ಅರಣ್ಯದಲ್ಲಿ ದೊರೆತ ಈ ಜೇಡವನ್ನು ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಜೆ. ಎನ್. ಅವರು ೨೦೧೬ರಲ್ಲಿ ವೈಜ್ಞಾನಿಕವಾಗಿ ವಿವರಿಸಿದರು. ಇದರ ಉದರವು ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಬರುವ ಮಾಯಾ ಟೋಪಿಯನ್ನು ಹೋಲುವುದರಿಂದ ಆ ಟೋಪಿಯ ಒಡೆಯನ ಹೆಸರನ್ನೇ ಪ್ರಭೇದಕ್ಕೆ ಇಡಲಾಗಿದೆ. ಹಗಲಿನಲ್ಲಿ ಒಣಗಿದ ಎಲೆಯಂತೆ ಕಾಣುವುದು ಈ ಜೇಡದ ಮುಖ್ಯ ಲಕ್ಷಣ.

ವರ್ಗೀಕರಣ

ಅರನೀಡೆ ಕುಟುಂಬದ ಬಹುಪಾಲು ಜೇಡಗಳು ಚಕ್ರಾಕಾರದ ಬಲೆಯನ್ನು ನೇಯುತ್ತವೆ. ನಡುವಿನಿಂದ ಹೊರಟ ಅರೆಗಳು, ಅವುಗಳ ಮೇಲೆ ಸುರುಳಿಯಾಗಿ ಹರಡಿದ ಅಂಟಿನ ಎಳೆ, ಇವು ಈ ಬಲೆಯ ಭಾಗಗಳು. ಎರಿಯೋವಿಕ್ಸಿಯಾ ಈ ಕುಟುಂಬದ ಒಂದು ಕುಲವಾಗಿದ್ದು, ಇದನ್ನು ಆರ್ಚರ್ ಎಂಬ ವಿಜ್ಞಾನಿ ೧೯೫೧ರಲ್ಲಿ ಸ್ಥಾಪಿಸಿದರು. ಕುಲದ ಪ್ರಭೇದಗಳು ಆಫ್ರಿಕಾ ಮತ್ತು ಏಷ್ಯಾ ಖಂಡಗಳಲ್ಲಿ ಹರಡಿವೆ. ಎರಿಯೋವಿಕ್ಸಿಯಾ ಲಾಗ್ಲೈಜೈ, ಎರಿಯೋವಿಕ್ಸಿಯಾ ಎಕ್ಸೆಲ್ಸಾ ಮುಂತಾದ ಪ್ರಭೇದಗಳು ಭಾರತದಲ್ಲಿ ಮೊದಲೇ ದಾಖಲಾಗಿದ್ದವು.

ಪ್ರಾಣಿಶಾಸ್ತ್ರದಲ್ಲಿ ಪ್ರಭೇದದ ಹೆಸರಿನೊಡನೆ ಅದನ್ನು ವಿವರಿಸಿದವರ ಹೆಸರನ್ನೂ ವರ್ಷವನ್ನೂ ನಮೂದಿಸುವ ಪದ್ಧತಿಯಿದೆ. ಈ ಜೇಡದ ಪೂರ್ಣ ಹೆಸರು ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಅಹ್ಮದ್, ಖಲಾಪ್ ಮತ್ತು ಸುಮುಖ, ೨೦೧೬. ಎರಿಯೋವಿಕ್ಸಿಯಾ ಲಾಗ್ಲೈಜೈ ಹೆಸರಿನ ಮುಂದೆ ಮಾತ್ರ ಸಿಮೊನ್, ೧೮೭೭ ಎಂಬುದನ್ನು ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ. ಆ ಪ್ರಭೇದವನ್ನು ಮೊದಲು ಬೇರೊಂದು ಕುಲದಲ್ಲಿ ವಿವರಿಸಿ, ಅನಂತರ ಈ ಕುಲಕ್ಕೆ ವರ್ಗಾಯಿಸಲಾಯಿತು ಎಂಬುದನ್ನು ಆವರಣ ಚಿಹ್ನೆ ಸೂಚಿಸುತ್ತದೆ.

ಶೋಧನೆ

ಈ ಜೇಡವು ೨೦೧೫ರಲ್ಲಿ ಮಧ್ಯ ಪಶ್ಚಿಮ ಘಟ್ಟದ ಕಾನು ಅರಣ್ಯದಲ್ಲಿ ಕಂಡುಬಂದಿತು. ಇದರ ವಿವರಣೆಯು ೨೦೧೬ರ ಡಿಸೆಂಬರ್ ತಿಂಗಳಿನಲ್ಲಿ ಇಂಡಿಯನ್ ಜರ್ನಲ್ ಆಫ್ ಅರಾಕ್ನಾಲಜಿ ಎಂಬ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮೂಲ ವಿವರಣೆಯು ಹೆಣ್ಣು ಜೇಡವನ್ನು ಮಾತ್ರ ಆಧರಿಸಿದೆ.

ಜೇಡವೊಂದು ಕಾಡಿನಲ್ಲಿ ಕಣ್ಣಿಗೆ ಬಿದ್ದ ಕ್ಷಣದಲ್ಲಿಯೇ ಹೊಸ ಪ್ರಭೇದವೆನಿಸುವುದಿಲ್ಲ. ಬಣ್ಣ, ಗಾತ್ರ ಮತ್ತು ಮೈಮೇಲಿನ ಚಿತ್ತಾರಗಳು ಒಂದೇ ಪ್ರಭೇದದೊಳಗೂ ಬದಲಾಗಬಹುದು. ಆದುದರಿಂದ ಛಾಯಾಚಿತ್ರವೊಂದರಿಂದಲೇ ನಿರ್ಣಯಕ್ಕೆ ಬರುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಾಗದು. ಜೇಡಗಳ ಗುರುತಿಸುವಿಕೆಯಲ್ಲಿ ಸಂತಾನೋತ್ಪತ್ತಿ ಅಂಗಗಳ ರಚನೆಯೇ ಪ್ರಮುಖ ಆಧಾರ. ಹೆಣ್ಣಿನಲ್ಲಿ ಉದರದ ಕೆಳಭಾಗದಲ್ಲಿರುವ ಗಟ್ಟಿಯಾದ ಫಲಕವನ್ನು ಎಪಿಜೈನ್ ಎನ್ನುತ್ತಾರೆ. ಗಂಡಿನಲ್ಲಿ ಬಾಯಿಯ ಬಳಿಯಿರುವ ಪೆಡಿಪಾಲ್ಪ್‌ಗಳ ತುದಿಯು ವೀರ್ಯವನ್ನು ಸಾಗಿಸುವ ಅಂಗವಾಗಿ ಮಾರ್ಪಟ್ಟಿರುತ್ತದೆ. ಈ ರಚನೆಗಳು ಕೊನೆಯ ಪೊರೆ ಕಳಚಿದ ಬಳಿಕವಷ್ಟೇ ಪೂರ್ಣರೂಪಕ್ಕೆ ಬರುತ್ತವೆ. ಹೀಗಾಗಿ ಮರಿ ಜೇಡ ದೊರೆತರೆ ಅದರ ಪ್ರಭೇದವನ್ನು ಹೇಳುವುದು ಕಷ್ಟ.

ಪ್ರಭೇದವನ್ನು ವಿವರಿಸುವ ಕ್ರಮ

ಸಂಗ್ರಹಿಸಿದ ಜೇಡದ ದೇಹ ಕೆಡದಂತೆ ಅದನ್ನು ಸಾಮಾನ್ಯವಾಗಿ ಮದ್ಯಸಾರದಲ್ಲಿ ಇಡುತ್ತಾರೆ. ಕೀಟಗಳಂತೆ ಒಣಗಿಸಿ ಸೂಜಿಗೆ ಚುಚ್ಚಿಟ್ಟರೆ ಜೇಡದ ಮೃದುವಾದ ಉದರ ಸುರುಟಿಹೋಗುತ್ತದೆ. ಮದ್ಯಸಾರದಲ್ಲಿ ಅದರ ನೈಜ ಬಣ್ಣ ಕ್ರಮೇಣ ಮಾಸುವುದರಿಂದ ಜೀವಂತ ಜೇಡದ ಛಾಯಾಚಿತ್ರಗಳೂ ದಾಖಲೆಯಾಗಿ ಬೇಕಾಗುತ್ತವೆ. ಸಂಗ್ರಹಿಸಿದ ಸ್ಥಳ, ದಿನಾಂಕ, ಆವಾಸ ಮತ್ತು ಸಂಗ್ರಹಿಸಿದವರ ಹೆಸರನ್ನು ಬರೆದ ಚೀಟಿಯನ್ನು ಅದೇ ಸೀಸೆಯಲ್ಲಿ ಇಡಲಾಗುತ್ತದೆ. ಈ ವಿವರಗಳಿಲ್ಲದ ಮಾದರಿಗೆ ವೈಜ್ಞಾನಿಕ ಬೆಲೆ ಬಹಳ ಕಡಿಮೆ.

ಮುಂದಿನ ಹಂತದಲ್ಲಿ ಸೂಕ್ಷ್ಮದರ್ಶಕದಡಿ ಕಣ್ಣುಗಳ ಜೋಡಣೆ, ಕಾಲಿನ ಪ್ರತಿಯೊಂದು ಖಂಡದ ಉದ್ದ, ಮುಳ್ಳುಗಳ ಸ್ಥಾನ, ಶಿರೋವಕ್ಷ ಮತ್ತು ಉದರಗಳ ಅಳತೆಯನ್ನು ದಾಖಲಿಸುತ್ತಾರೆ. ಹೆಣ್ಣಿನ ಎಪಿಜೈನ್ ಅನ್ನು ಬಿಡಿಸಿ, ಸುತ್ತಲಿನ ಅಂಗಾಂಶವನ್ನು ರಾಸಾಯನಿಕದಿಂದ ಕರಗಿಸಿ, ಒಳಗಿನ ವೀರ್ಯಕೋಶಗಳ ಮತ್ತು ನಾಳಗಳ ಚಿತ್ರವನ್ನು ಬರೆಯುತ್ತಾರೆ. ಬಳಿಕ ಆ ಕುಲದಲ್ಲಿ ಅದುವರೆಗೆ ವಿವರಿಸಲಾದ ಪ್ರಭೇದಗಳೊಡನೆ ಹೋಲಿಸಿ, ಹೊಸದು ಯಾವ ಲಕ್ಷಣಗಳಲ್ಲಿ ಬೇರೆಯಾಗಿದೆ ಎಂಬುದನ್ನು ಸ್ಪಷ್ಟಪಡಿಸಬೇಕು. ಹಿಂದಿನ ವಿವರಣೆಗಳು ಹಲವು ಭಾಷೆಗಳಲ್ಲಿಯೂ ಹಳೆಯ ಗ್ರಂಥಗಳಲ್ಲಿಯೂ ಚದುರಿಹೋಗಿರುವುದರಿಂದ ಹೋಲಿಕೆಯ ಕೆಲಸಕ್ಕೆ ಬಹಳ ಸಮಯ ಹಿಡಿಯುತ್ತದೆ. ಹೋಲಿಕೆಯಲ್ಲಿ ತಪ್ಪಿದರೆ ಒಂದೇ ಪ್ರಭೇದಕ್ಕೆ ಎರಡು ಹೆಸರುಗಳು ಬೀಳುತ್ತವೆ. ಅಂಥ ಸಂದರ್ಭದಲ್ಲಿ ಮೊದಲು ಪ್ರಕಟವಾದ ಹೆಸರೇ ಸಾಮಾನ್ಯವಾಗಿ ಊರ್ಜಿತವಾಗುತ್ತದೆ.

ಹೆಸರಿಡುವ ನಿಯಮಗಳನ್ನು ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯು ಗೊತ್ತುಪಡಿಸುತ್ತದೆ. ಪ್ರಾಣಿಗಳ ನಾಮಕರಣ ೧೭೫೮ರಿಂದ ಆರಂಭವಾಗುತ್ತದೆ ಎಂಬುದು ಈ ಸಂಹಿತೆಯ ಸಾಮಾನ್ಯ ನಿಯಮ. ಜೇಡಗಳಿಗೆ ಇಲ್ಲಿ ಒಂದು ವಿಶೇಷ ಸ್ಥಾನವಿದೆ. ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ೧೭೫೭ರಲ್ಲಿ ಪ್ರಕಟಿಸಿದ ಜೇಡಗಳ ಗ್ರಂಥದ ಹೆಸರುಗಳನ್ನೂ ಸಂಹಿತೆಯು ಮಾನ್ಯ ಮಾಡಿದೆ.

ಹೋಲೋಟೈಪ್

ಹೊಸ ಪ್ರಭೇದದ ಹೆಸರಿಗೆ ಶಾಶ್ವತ ಆಧಾರವಾಗಿ ನಿಲ್ಲುವ ಒಂದೇ ಮಾದರಿಯನ್ನು ಹೋಲೋಟೈಪ್ ಎಂದು ಕರೆಯುತ್ತಾರೆ. ಮುಂದೆ ಯಾವಾಗಲಾದರೂ ಸಂದೇಹ ಬಂದರೆ ಆ ಮಾದರಿಯನ್ನು ಪುನಃ ಪರೀಕ್ಷಿಸಿ ನಿರ್ಣಯಿಸಬಹುದು. ಆದುದರಿಂದ ಅದು ಖಾಸಗಿ ಸಂಗ್ರಹದಲ್ಲಿ ಉಳಿಯದೆ, ಸಂಶೋಧಕರಿಗೆ ಲಭ್ಯವಾಗುವ ಸಂಸ್ಥೆಯಲ್ಲಿರುವುದು ಅಪೇಕ್ಷಣೀಯ. ಎರಿಯೋವಿಕ್ಸಿಯಾ ಗ್ರಿಫಿಂಡೋರಿಯ ಹೋಲೋಟೈಪ್ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ರಾಷ್ಟ್ರೀಯ ಪ್ರಾಣಿ ಸಂಗ್ರಹದಲ್ಲಿದೆ. ಈ ಸಂಸ್ಥೆಯು ೧೯೧೬ರಲ್ಲಿ ಸ್ಥಾಪನೆಯಾಯಿತು.

ದೇಹರಚನೆ ಮತ್ತು ವರ್ತನೆ

ಹೆಣ್ಣು ಜೇಡದ ಒಟ್ಟು ಉದ್ದ ಸುಮಾರು ೭ ಮಿಲಿಮೀಟರ್. ಉದರವು ತ್ರಿಕೋನಾಕಾರವಾಗಿದ್ದು ಹಿಂದಕ್ಕೆ ಕಿರಿದಾಗುತ್ತ ಬಾಲದಂಥ ಮೊನೆಯಲ್ಲಿ ಕೊನೆಗೊಳ್ಳುತ್ತದೆ. ಮೈಬಣ್ಣ ಕಂದು. ಇದು ನಿಶಾಚರಿ. ಹಗಲಿನಲ್ಲಿ ಒಣ ಎಲೆಗಳ ನಡುವೆ ಅಲುಗಾಡದೆ ಕುಳಿತಾಗ ಇದನ್ನು ಎಲೆಯಿಂದ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಉದರದ ಮೊನೆಯು ಎಲೆಯ ತೊಟ್ಟಿನಂತೆ ಕಾಣುತ್ತದೆ. ಕಣ್ಣಿನಿಂದ ಬೇಟೆಯನ್ನು ಹುಡುಕುವ ಹಕ್ಕಿಗಳಂಥ ಶತ್ರುಗಳಿಂದ ಪಾರಾಗಲು ಇಂಥ ಛದ್ಮವೇಷ ನೆರವಾಗುತ್ತದೆ.

ಹೆಸರಿನ ಮೂಲ

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಹಾಗ್‌ವರ್ಟ್ಸ್ ಎಂಬ ಮಾಂತ್ರಿಕ ಶಾಲೆಯ ನಾಲ್ವರು ಸಂಸ್ಥಾಪಕರಲ್ಲಿ ಗಾಡ್ರಿಕ್ ಗ್ರಿಫಿಂಡೋರ್ ಒಬ್ಬ. ಅವನದಾಗಿದ್ದ ಚೂಪುತುದಿಯ ಹಳೆಯ ಟೋಪಿಯು ಹೊಸ ವಿದ್ಯಾರ್ಥಿಗಳ ತಲೆಯ ಮೇಲೆ ಕುಳಿತು, ಅವರು ಯಾವ ಬಣಕ್ಕೆ ಸೇರಬೇಕೆಂದು ನಿರ್ಧರಿಸುತ್ತದೆ. ಜೇಡದ ಉದರದ ಆಕಾರ ಈ ಟೋಪಿಯನ್ನು ನೆನಪಿಸುವುದರಿಂದ ಗ್ರಿಫಿಂಡೋರಿ ಎಂಬ ಹೆಸರನ್ನು ಆರಿಸಲಾಯಿತು. ಲ್ಯಾಟಿನ್ ವ್ಯಾಕರಣದಂತೆ, ಪುರುಷನೊಬ್ಬನ ಹೆಸರಿಗೆ ಷಷ್ಠೀ ವಿಭಕ್ತಿಯ ‘ಇ’ ಪ್ರತ್ಯಯ ಸೇರಿ ‘ಗ್ರಿಫಿಂಡೋರನ’ ಎಂಬ ಅರ್ಥ ಬರುತ್ತದೆ. ಜನರ ಗಮನಕ್ಕೆ ಬಾರದ ಅಕಶೇರುಕಗಳ ಬದುಕಿನ ಕಡೆಗೆ ಆಸಕ್ತಿ ಮೂಡಿಸುವುದು ಈ ಆಯ್ಕೆಯ ಉದ್ದೇಶವೆಂದು ಲೇಖಕರು ತಿಳಿಸಿದ್ದಾರೆ. ರೌಲಿಂಗ್ ಅವರು ಟ್ವಿಟರ್ ಮೂಲಕ ಸಂತಸ ಸೂಚಿಸಿ ಶೋಧಕರನ್ನು ಅಭಿನಂದಿಸಿದರು. ಇದರಿಂದ ಈ ಜೇಡದ ಸುದ್ದಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂದಿತು. ಅದೇ ಕಾದಂಬರಿಗಳಲ್ಲಿನ ಅರಗಾಗ್ ಎಂಬ ದೈತ್ಯ ಜೇಡದ ಹೆಸರನ್ನು ಇರಾನಿನ ತೋಳ ಜೇಡವೊಂದಕ್ಕೆ ೨೦೧೭ರಲ್ಲಿ ಇಡಲಾಗಿದೆ.

ಆವಾಸ

ಮಲೆನಾಡಿನಲ್ಲಿ ಗದ್ದೆ, ಹುಲ್ಲುಗಾವಲು ಮತ್ತು ಎಲೆಯುದುರುವ ಕಾಡುಗಳ ನಡುವೆ ಅಲ್ಲಲ್ಲಿ ಉಳಿದಿರುವ ನಿತ್ಯಹರಿದ್ವರ್ಣದ ದಟ್ಟ ಕಾಡಿನ ತುಂಡುಗಳಿಗೆ ‘ಕಾನು’ ಎಂದು ಹೆಸರು. ಇಂಗ್ಲಿಷ್ ಬರಹಗಳಲ್ಲಿ ಕಾಣುವ ‘ಕಾನ್ಸ್’ ಎಂಬುದು ಇದೇ ಕನ್ನಡ ಪದದ ಬಹುವಚನ ರೂಪ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗರು ಅನೇಕ ಕಾನುಗಳನ್ನು ದೇವರ ನೆಲೆಯೆಂದು ನಂಬಿ ಕಾಪಾಡಿಕೊಂಡು ಬಂದಿದ್ದಾರೆ. ಕಾಳುಮೆಣಸು, ದಾಲ್ಚಿನ್ನಿ, ಬೈನೆ ಮೊದಲಾದವು ಕಾನುಗಳಿಂದ ದೊರೆಯುತ್ತಿದ್ದವು. ಕೆಳಗಿನ ಗದ್ದೆ ತೋಟಗಳ ನೀರಿನ ಒರತೆಗಳಿಗೂ ಕಾನುಗಳೇ ಆಸರೆ. ಸೊರಬ ತಾಲ್ಲೂಕಿನ ಕಾನುಗಳ ಕುರಿತು ಬ್ರ್ಯಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು ೧೮೬೮ರಲ್ಲಿಯೇ ವರದಿ ಸಿದ್ಧಪಡಿಸಿದ್ದರು. ಒತ್ತುವರಿ, ಕೃಷಿಯ ವಿಸ್ತರಣೆ ಮತ್ತು ಮರ ಕಡಿತದಿಂದ ಹಲವು ಕಾನುಗಳು ಕುಗ್ಗಿವೆ.

ಸಂರಕ್ಷಣೆಯ ದೃಷ್ಟಿ

ವಿಶ್ವ ಜೇಡ ಸೂಚಿಯಲ್ಲಿ ದಾಖಲಾದ ಪ್ರಭೇದಗಳ ಸಂಖ್ಯೆ ೨೦೨೨ರ ಏಪ್ರಿಲ್‌ನಲ್ಲಿ ೫೦,೦೦೦ವನ್ನು ತಲುಪಿತು. ವಿವರಣೆಗೊಳ್ಳದ ಪ್ರಭೇದಗಳು ಇನ್ನೂ ಬಹಳಷ್ಟಿವೆಯೆಂದು ತಜ್ಞರು ಭಾವಿಸುತ್ತಾರೆ. ಪ್ರಭೇದಕ್ಕೆ ಹೆಸರು ದೊರೆಯುವವರೆಗೆ ಅದನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸುವುದು ಕಷ್ಟ. ಆವಾಸ ನಾಶವಾದಾಗ ಏನು ಕಳೆದುಹೋಯಿತೆಂದು ಹೇಳಲೂ ಆಧಾರವಿರುವುದಿಲ್ಲ.

ಹೆಸರು ದೊರೆತ ಮಾತ್ರಕ್ಕೆ ಅಪಾಯ ನೀಗುವುದೂ ಇಲ್ಲ. ಆಂಧ್ರಪ್ರದೇಶದ ಗುತ್ತಿಯಲ್ಲಿ, ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದೇ ಮಾದರಿಯಿಂದ ಪೊಕಾಕ್ ೧೮೯೯ರಲ್ಲಿ ವಿವರಿಸಿದ ಪೀಸಿಲೋಥೀರಿಯಾ ಮೆಟಾಲಿಕಾ ಎಂಬ ನೀಲಿ ಜೇಡವು ಪುನಃ ಪತ್ತೆಯಾದದ್ದು ೨೦೦೧ರಲ್ಲಿ. ಆ ಬಳಿಕ ಅದು ಸಾಕುಪ್ರಾಣಿ ವ್ಯಾಪಾರಕ್ಕೆ ಗುರಿಯಾಯಿತು. ಅದನ್ನು ಈಗ ತೀವ್ರ ಅಳಿವಿನಂಚಿನಲ್ಲಿರುವ ಪ್ರಭೇದವೆಂದು ಪರಿಗಣಿಸಲಾಗಿದೆ. ಇಂಥ ಅನುಭವದ ಕಾರಣ, ಬೇಡಿಕೆಯಿರುವ ಪ್ರಭೇದಗಳ ನಿಖರ ಸ್ಥಳವನ್ನು ಪ್ರಕಟಿಸಬೇಕೇ ಬೇಡವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿದೆ. ಎರಿಯೋವಿಕ್ಸಿಯಾ ಗ್ರಿಫಿಂಡೋರಿಯಂಥ ಚಿಕ್ಕ ಜೇಡಕ್ಕೆ ವ್ಯಾಪಾರಕ್ಕಿಂತ ಆವಾಸದ ನಾಶವೇ ದೊಡ್ಡ ಆತಂಕ. ಒಣ ಎಲೆಯ ಮರೆಯನ್ನು ನಂಬಿ ಬದುಕುವ ಈ ಪ್ರಭೇದದ ಉಳಿವು ಕಾನುಗಳ ಉಳಿವಿನೊಡನೆ ಹೆಣೆದುಕೊಂಡಿದೆ.