ಸೋಡಿಯಂ ಮತ್ತು ಸವಳು ನೆಲ

ಅಡಿಗೆಯ ಉಪ್ಪು, ಭಜಿಯ ಹಿಟ್ಟಿಗೆ ಬೆರೆಸುವ ಸೋಡಾ, ಬಟ್ಟೆ ಒಗೆಯುವ ಸೋಡಾ, ಮೈಗೆ ಹಚ್ಚುವ ಸಾಬೂನು: ನಿತ್ಯದ ಬಳಕೆಯ ಈ ನಾಲ್ಕು ವಸ್ತುಗಳಲ್ಲಿಯೂ ಇರುವ ಮೂಲಧಾತು ಒಂದೇ. ಅದರ ಹೆಸರು ಸೋಡಿಯಂ. ಅರಭಾವಿ, ಮೂಡಲಗಿ, ಗೋಕಾಕ ಭಾಗದ ನೀರಾವರಿ ಹೊಲಗಳಲ್ಲಿ ಅಲ್ಲಲ್ಲಿ ಬೆಳ್ಳಗೆ ಮೇಲೆದ್ದು ಕಾಣುವ ಸವಳಿನಲ್ಲಿಯೂ ಅದು ಸೇರಿರುತ್ತದೆ. ಅಡಿಗೆಮನೆಯಲ್ಲಿ ಇಲ್ಲದೆ ನಡೆಯದ ಈ ವಸ್ತು ಹೊಲಕ್ಕೆ ವೈರಿಯಾದುದು ಹೇಗೆ? ಅದು ಅಲ್ಲಿಗೆ ಬಂದುದಾದರೂ ಎಲ್ಲಿಂದ?

ಸೋಡಿಯಂ ಒಂದು ಲೋಹ. ಬೆಳ್ಳಿಯಂತೆ ಹೊಳೆಯುತ್ತದೆ, ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗಿರುತ್ತದೆ. ಆದರೆ ಪ್ರಕೃತಿಯಲ್ಲಿ ಅದು ಒಂಟಿಯಾಗಿ ದೊರೆಯುವುದಿಲ್ಲ. ನೀರು ಸೋಕಿದರೆ ಸಾಕು, ರಭಸದಿಂದ ಅದರೊಡನೆ ವರ್ತಿಸುತ್ತದೆ. ಆದುದರಿಂದಲೇ ಪ್ರಯೋಗಶಾಲೆಗಳಲ್ಲಿ ಅದನ್ನು ಸೀಮೆಎಣ್ಣೆಯಂತಹ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ೧೮೦೭ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬ ವಿಜ್ಞಾನಿ ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ತನ್ನು ಹಾಯಿಸಿ ಈ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದನು. ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದಾಗ ಕಾಣುವ ಹಳದಿ ಬಣ್ಣ ಈ ಸೋಡಿಯಂನದೇ. ಸೂರ್ಯನ ಬೆಳಕನ್ನು ಪರೀಕ್ಷಿಸಿದಾಗಲೂ ಇದರ ಗುರುತು ಸಿಕ್ಕಿದೆ. ಸೂರ್ಯನಿಗಿಂತ ಅನೇಕ ಪಾಲು ದೊಡ್ಡವಾದ ನಕ್ಷತ್ರಗಳ ಒಡಲಿನಲ್ಲಿ ಇಂಗಾಲದ ಪರಮಾಣು ಬೀಜಗಳು ಬೆಸೆದು ಸೋಡಿಯಂ ಹುಟ್ಟುತ್ತದೆ. ಅಂತಹ ಹಳೆಯ ನಕ್ಷತ್ರಗಳು ಚೆಲ್ಲಿದ ದ್ರವ್ಯವೇ ಮುಂದೆ ನಮ್ಮ ಭೂಮಿಯಲ್ಲಿ ಸೇರಿತು.

ಭೂಮಿಯ ಹೊರಪದರದಲ್ಲಿ, ತೂಕದ ಲೆಕ್ಕದಲ್ಲಿ, ನೂರಕ್ಕೆ ಎರಡು-ಮೂರು ಪಾಲಿನಷ್ಟು ಸೋಡಿಯಂ ಉಂಟು. ಅದರ ಬಹುಭಾಗ ಕಲ್ಲಿನಲ್ಲಿಯೇ ಅಡಗಿದೆ. ಹುಕ್ಕೇರಿಯ ಕಡೆ ಕಾಣುವ ಕರಿಗಲ್ಲು ಪುರಾತನ ಕಾಲದ ಲಾವಾರಸ ಹರಿದು ಗಟ್ಟಿಯಾದುದು. ಅದರ ಖನಿಜಗಳಲ್ಲಿ ಕ್ಯಾಲ್ಸಿಯಂ ಜೊತೆಗೆ ಸೋಡಿಯಂ ಕೂಡ ಇರುತ್ತದೆ. ಮಳೆ, ಗಾಳಿ, ಬಿಸಿಲುಗಳಿಗೆ ಈ ಕಲ್ಲು ಸಾವಿರಾರು ವರ್ಷ ಸವೆದು ಎರೆಮಣ್ಣಾಗುತ್ತದೆ. ಒಳಗಿನ ಸೋಡಿಯಂ ಕರಗಿ ನೀರಿಗಿಳಿಯುತ್ತದೆ. ಘಟಪ್ರಭೆ ಅದನ್ನು ಕೃಷ್ಣೆಗೆ ಒಪ್ಪಿಸುತ್ತಾಳೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಸಮುದ್ರದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಹೀಗೆ ಕೂಡುತ್ತ ಬಂದು ಇಂದು ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿವೆ. ಅದರಲ್ಲಿ ಸೋಡಿಯಂ ಒಂದೇ ೧೦ ಗ್ರಾಂಗೆ ಮಿಕ್ಕಿದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಇದೇ ನೀರನ್ನು ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುತ್ತಾರೆ.

ಸಾಣಿಕಟ್ಟೆಯಲ್ಲಿ ಮನುಷ್ಯನು ಬೇಕೆಂದೇ ಮಾಡುವ ಕೆಲಸವು ಸವಳು ಹೊಲದಲ್ಲಿ ಬೇಡವೆಂದರೂ ನಡೆಯುತ್ತದೆ. ನೀರಿಗೆ ಹೊರಹೋಗುವ ದಾರಿ ಇದ್ದರೆ ಉಪ್ಪು ಹೊಳೆ ಸೇರುತ್ತದೆ. ದಾರಿ ಇಲ್ಲದಿದ್ದರೆ ಹೊಲವೇ ಆಗರವಾಗುತ್ತದೆ. ಧೂಪದಾಳದ ಒಡ್ಡಿನಿಂದಲೂ, ಅನಂತರ ಹಿಡಕಲ್ ಜಲಾಶಯದಿಂದಲೂ ಕಾಲುವೆಯ ನೀರು ಬಂದು ಈ ಸೀಮೆ ಕಬ್ಬಿನ ಸೀಮೆಯಾಯಿತು. ಇದು ಸಣ್ಣ ಭಾಗ್ಯವಲ್ಲ. ಆದರೆ ಎರೆಮಣ್ಣಿನಲ್ಲಿ ನೀರು ಬೇಗ ಇಂಗಿ ಹೋಗದು. ಅಳತೆ ಮೀರಿ ಹಾಯಿಸಿದಾಗ ಅಂತರ್ಜಲ ಬೇರಿನ ಮಟ್ಟಕ್ಕೇರಿ ನೆಲ ಜವಳಾಗುತ್ತದೆ. ಬಿಸಿಲು ಆ ನೀರನ್ನು ಮೇಲಕ್ಕೆಳೆದು ಆವಿ ಮಾಡಿದಾಗ ಉಪ್ಪು ಮಣ್ಣಿನಲ್ಲಿ ಉಳಿಯುತ್ತದೆ. ಒಂದು ಲೆಕ್ಕ ನೋಡೋಣ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರು ಬಾಯಿಗೆ ಉಪ್ಪೆನಿಸುವುದೂ ಕಷ್ಟ. ಅಂತಹ ನೀರನ್ನು ವರ್ಷಕ್ಕೆ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದರೆ ಎಕರೆಗೆ ಸುಮಾರು ೨ ಟನ್ ಲವಣವನ್ನು ತಂದು ಸುರಿದಂತಾಗುತ್ತದೆ!

ಸೋಡಿಯಂನ ಹಾವಳಿ ಅಷ್ಟಕ್ಕೇ ನಿಲ್ಲದು. ಜೇಡಿಕಣಗಳನ್ನು ಹದವಾಗಿ ಕೂಡಿಸಿಡುವುದು ಕ್ಯಾಲ್ಸಿಯಂ. ಅದನ್ನು ತಳ್ಳಿ ಸೋಡಿಯಂ ಆ ಸ್ಥಾನಕ್ಕೆ ಬಂದರೆ ಕಣಗಳು ಚದುರಿ ಮಣ್ಣಿನ ಸಣ್ಣ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ತೇವವಿದ್ದಾಗ ಕೆಸರು, ಒಣಗಿದಾಗ ಕಲ್ಲು. ಬೇರಿಗೆ ಗಾಳಿಯಿಲ್ಲ, ನೀರಿಗೆ ದಾರಿಯಿಲ್ಲ.

ನಮ್ಮ ಹಿರಿಯರಿಗೆ ಸವಳು ಹೊಸತಲ್ಲ. ಸವಳು ಮಣ್ಣಿನಿಂದ ಅಗಸರು ಬಟ್ಟೆ ಒಗೆಯುತ್ತಿದ್ದರು. ಉಪ್ಪಾರರು ಉಪ್ಪುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಆ ಮಣ್ಣು ಆಗ ಕಸುಬಿಗೆ ಆಸರೆಯಾಗಿತ್ತು. ಬೆಳೆಯುವ ಹೊಲವೇ ಅಂತಹ ಮಣ್ಣಾದರೆ ಮಾತ್ರ ಒಕ್ಕಲಿನ ಬದುಕೇ ಕುಸಿಯುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಜೇಡಿಕಣಗಳಿಂದ ಸೋಡಿಯಂನ್ನು ಬಿಡಿಸುತ್ತದೆ. ಆದರೆ ಬಿಡಿಸಿದ ಸೋಡಿಯಂ ಹೊಲ ಬಿಟ್ಟು ಹೋಗಬೇಕಷ್ಟೆ? ಆದುದರಿಂದ ಬಸಿಗಾಲುವೆ ತೋಡುವುದು, ಇಲ್ಲವೆ ನೆಲದೊಳಗೆ ರಂಧ್ರವಿರುವ ಕೊಳವೆ ಹೂಳುವುದು ಮೊದಲು ಆಗಬೇಕು. ಮಣ್ಣನ್ನು ಪರೀಕ್ಷೆ ಮಾಡಿಸದೆ ಜಿಪ್ಸಂ ಸುರಿಯುವುದೂ ತರವಲ್ಲ. ಬರಿಯ ಉಪ್ಪಿನ ನೆಲಕ್ಕೂ ಸೋಡಿಯಂ ಹಿಡಿದ ನೆಲಕ್ಕೂ ಚಿಕಿತ್ಸೆ ಬೇರೆ. ಅರಭಾವಿಯಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವೂ ತೋಟಗಾರಿಕೆ ಮಹಾವಿದ್ಯಾಲಯವೂ ಇರುವುದರಿಂದ ತಿಳಿದವರ ಸಲಹೆ ಈ ಭಾಗದ ರೈತರಿಗೆ ದೂರವಲ್ಲ.

ಇನ್ನೊಂದು ಮಾತು. ದಿಬ್ಬದ ಹೊಲದವನು ಹೆಚ್ಚಾಗಿ ಹಾಯಿಸಿದ ನೀರು ತಗ್ಗಿನ ಹೊಲದವನಿಗೆ ಸವಳಾಗಿ ಮುಟ್ಟುತ್ತದೆ. ಬಸಿಗಾಲುವೆಯೂ ಒಬ್ಬನ ಬದುವಿನಲ್ಲಿ ಮುಗಿಯುವಂಥದಲ್ಲ; ನಾಲ್ಕು ಹೊಲ ದಾಟಿ ಹಳ್ಳ ಸೇರಬೇಕು. ಕಲ್ಲು ಸವೆಯುವುದನ್ನು, ಉಪ್ಪು ಕರಗುವುದನ್ನು ನಾವು ತಡೆಯಲಾರೆವು. ನೀರನ್ನು ಹಿತಮಿತವಾಗಿ ಹಾಯಿಸಿ, ಮಿಕ್ಕಿದ್ದಕ್ಕೆ ದಾರಿ ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ನೆರೆಹೊರೆಯವರು ಕೂಡಿಯೇ ಮಾಡಬೇಕು.